ಪೆಟ್ರೋಲು ಸೋಸುವ ಮನೆ

ನಮ್ಮ ಮನೆಯಲ್ಲಿ ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸುತ್ತಿದ್ದರು. ಜೈನರ ಮನೆ, ಅದರಲ್ಲೇನೂ ವಿಶೇಷವಿಲ್ಲ. ಸ್ನಾನದ ನೀರು ಸೋಸುತ್ತಿದ್ದರು, ಹಾಲು ಸೋಸುತ್ತಿದ್ದರು, ತುಪ್ಪ ಸೋಸುತ್ತಿದ್ದರು. ನಮ್ಮ ದೊಡ್ಡಪ್ಪ ಇನ್ನೂ ಮುಂದೆ ಹೋಗಿ ಕಾರಿಗೆ ಹಾಕುವ ಪೆಟ್ರೋಲನ್ನೂ ಸೋಸುತ್ತಿದ್ದ. ಇದನ್ನು ಹೇಳಿದಾಗಲೆಲ್ಲ ಜನ ನಗುತ್ತಾರೆ. ನಾನೂ ಅವರ ಜೊತೆ ನಗುತ್ತೇನೆ, ಹಲ್ಲು ಕಚ್ಚಿಕೊಂಡು. ಯಾಕೆಂದರೆ ಅವನು ಹಾಗೆ ಸೋಸಿದ್ದಕ್ಕೇ ನಮ್ಮವ್ವನಿಗೆ ತನ್ನ ತಾಯಿಯನ್ನು ಕಡೆಯ ಸಲ ಜೀವಂತ ನೋಡುವುದಾಗಲಿಲ್ಲ. ಕ್ಷಮಿಸುವುದು ನಮ್ಮಲ್ಲಿ ದೊಡ್ಡ ಗುಣ. ಅದಕ್ಕೆಂದೇ ವರ್ಷಕ್ಕೊಂದು ದಿನವಿದೆ, ಕ್ಷಮಾವಾಣಿ ಅಂತ. ಅವತ್ತು ಸಣ್ಣವರು ದೊಡ್ಡವರು ಎನ್ನದೆ ಎಲ್ಲರೂ ಎಲ್ಲರಿಗೂ ಕೈಮುಗಿದು, ತಿಳಿದೋ ತಿಳಿಯದೆಯೋ ನೋಯಿಸಿದ್ದರೆ ಕ್ಷಮಿಸಿ ಎನ್ನುತ್ತಾರೆ. ನಾನೂ ಎಷ್ಟೋ ಜನರಿಗೆ ಅಂದಿದ್ದೇನೆ, ಎಷ್ಟೋ ಜನರಿಂದ ಅನ್ನಿಸಿಕೊಂಡಿದ್ದೇನೆ. ದೊಡ್ಡಪ್ಪನನ್ನು ಮಾತ್ರ ಆ ಲೆಕ್ಕದಿಂದ ಹೊರಗೆ ಇಟ್ಟಿದ್ದೇನೆ. ವಯಸ್ಸಾದ ಮೇಲೆ ಮನಸ್ಸು ಮೆತ್ತಗಾಗುತ್ತದೆ ಅನ್ನುತ್ತಾರೆ. ನನಗಿನ್ನೂ ಆ ವಯಸ್ಸು ಬಂದಿಲ್ಲವೆಂದು ಕಾಣುತ್ತದೆ.

ಬೆಳಗಾವಿಯ ಶಹಾಪುರದ ಒಂದು ಓಣಿಯಲ್ಲಿ ನಮ್ಮ ಮನೆ. ಮುಂದಿನ ಪಡಸಾಲೆಯಲ್ಲಿ ಮಗ್ಗಗಳು, ನಡುವೆ ದೇವರ ಕೋಣೆ, ಹಿಂದೆ ಅಡುಗೆಮನೆ, ಅದರಾಚೆ ಬಾವಿ ಇರುವ ಹಿತ್ತಲು. ಬೆಳಗಾದರೆ ಮಗ್ಗದ ಖಟಖಟ ಶುರುವಾಗುತ್ತಿತ್ತು, ಹೊತ್ತು ಮುಳುಗುವವರೆಗೂ ನಿಲ್ಲುತ್ತಿರಲಿಲ್ಲ. ಪಡಸಾಲೆಯಲ್ಲಿ ಮಾತಾಡಬೇಕಾದರೆ ಕೂಗಬೇಕು. ಹಾಗಾಗಿ ನಮ್ಮ ಮನೆಯ ಗಂಡಸರ ದನಿಯೆಲ್ಲ ದೊಡ್ಡದು, ಹೆಂಗಸರ ದನಿಯೆಲ್ಲ ಅಡುಗೆಮನೆಯೊಳಗಿನದು. ದೊಡ್ಡಪ್ಪನದು ಎಲ್ಲಕ್ಕಿಂತ ದೊಡ್ಡ ದನಿ. ನೂಲಿನ ಅಂಗಡಿ ಅವನ ಕೈಯಲ್ಲಿ, ಅಂಗಡಿಯಲ್ಲಿ ಅವನ ಕೈಕೆಳಗೆ ನಮ್ಮಪ್ಪ. ಊಟಕ್ಕೆ ಮೊದಲ ಮಣೆ ದೊಡ್ಡಪ್ಪನದು. ಅನ್ನದಲ್ಲಿ ಒಂದು ಕೂದಲು ಸಿಕ್ಕರೆ ಅಂತರಾಯ ಬಂತು, ಊಟಕ್ಕೆ ವಿಘ್ನ ಅಂತ ತಾಟು ಸರಿಸಿ ಎದ್ದುಬಿಡುತ್ತಿದ್ದ. ಅವನು ಉಣ್ಣದೆ ಎದ್ದ ಮೇಲೆ ಹೆಂಗಸರು ಉಣ್ಣುವ ಹಾಗಿರಲಿಲ್ಲ. ಹೊತ್ತು ಮುಳುಗಿದ ಮೇಲಂತೂ ಯಾರೂ ಒಂದು ಅಗುಳು ಬಾಯಿಗೆ ಹಾಕುತ್ತಿರಲಿಲ್ಲ. ಇದು ಧರ್ಮದ ನೇಮ, ನಾನು ಇವತ್ತಿಗೂ ಪಾಲಿಸುತ್ತೇನೆ. ಅವ್ವನಿಗೆ ಇನ್ನೊಂದು ನೇಮವಿತ್ತು. ಅದು ಧರ್ಮದ್ದಲ್ಲ, ಮನೆಯದು. ತಮ್ಮನ ಹೆಂಡತಿಯಾದವಳು ಗಂಡನ ಅಣ್ಣನ ಜೊತೆ ನೇರ ಮಾತಾಡಬಾರದು. ಏನು ಹೇಳುವುದಿದ್ದರೂ ದೊಡ್ಡವ್ವನಿಗೆ ಹೇಳಬೇಕು, ದೊಡ್ಡವ್ವ ಅದನ್ನು ದೊಡ್ಡಪ್ಪನಿಗೆ ಮುಟ್ಟಿಸಬೇಕು. ಇಬ್ಬರೂ ಒಂದೇ ಕೋಣೆಯಲ್ಲಿ ಎದುರುಬದುರು ನಿಂತಿದ್ದರೂ ಹಾಗೆಯೇ ನಡೆಯುತ್ತಿತ್ತು.

ಬೂದು ಬಣ್ಣದ ಆ ಕಾರು ಅವ್ವನ ತವರಿನದು. ಖಾನಾಪುರದಲ್ಲಿ ಅವ್ವನ ಅಪ್ಪ ಕಟ್ಟಿಗೆಯ ಡಿಪೋ ಇಟ್ಟಿದ್ದ. ಲೋಂಡಾ ಕಡೆಯ ಕಾಡಿನಿಂದ ದಿಮ್ಮಿ ಹೊತ್ತ ಲಾರಿಗಳು ಮನೆಯ ಅಂಗಳಕ್ಕೇ ಬಂದು ನಿಲ್ಲುತ್ತಿದ್ದವು. ಲಾರಿ ಕೆಟ್ಟಾಗ ಅಜ್ಜ ಅದರ ಕೆಳಗೆ ತೂರುತ್ತಿದ್ದ, ಹಿರಿ ಮಗಳಾದ ಅವ್ವ ಅವನ ಕೈಗೆ ಬೋಲ್ಟು ಬಿಚ್ಚುವ ಪಾನಾ ಕೊಡುತ್ತಿದ್ದಳು. ಕೊಡುತ್ತ ಕೊಡುತ್ತ ತಾನೂ ಬಿಚ್ಚುವುದು, ಜೋಡಿಸುವುದು ಕಲಿತಳು. ಎಂಜಿನ್ನಿನ ಸಪ್ಪಳ ಕೇಳಿ ರೋಗ ಹೇಳುವಷ್ಟು ಕಿವಿ ಬಂತು. ಆಮೇಲೆ ಮದುವೆಯಾಗಿ ಶಹಾಪುರಕ್ಕೆ ಬಂದಳು, ಆ ಕಿವಿಯನ್ನು ಸೆರಗಿನ ಕೆಳಗೆ ಮುಚ್ಚಿಕೊಂಡಳು. ಅಜ್ಜ ತೀರಿಕೊಂಡು ಡಿಪೋ ಮುಚ್ಚಿದಾಗ ಮಾಮಾ ಆ ಕಾರನ್ನು ತನ್ನ ಅಕ್ಕನಿಗೆ ಕೊಟ್ಟ. ಕೊಡುವಾಗ ಒಂದೇ ಮಾತು ಹೇಳಿದ್ದ, ಆಯಿಗೆ ವಯಸ್ಸಾಯಿತು, ಆಗಾಗ ಬಂದು ನೋಡಿಹೋಗಲು ಅನುಕೂಲವಾಗಲಿ ಅಂತ. ಆಯಿ ಅಂದರೆ ಅವ್ವನ ತಾಯಿ. ಆದರೆ ನಮ್ಮ ಮನೆಯ ಹೊಸ್ತಿಲು ದಾಟಿ ಬಂದದ್ದೆಲ್ಲ ದೊಡ್ಡಪ್ಪನದೇ. ನಮ್ಮಪ್ಪನಿಗೆ ಗಾಡಿ ಬಿಡಲು ಬರುತ್ತಿರಲಿಲ್ಲ. ದೊಡ್ಡಪ್ಪ ಕಲಿತುಕೊಂಡ, ಕೀಲಿಯನ್ನು ತನ್ನ ಉಡದಾರಕ್ಕೆ ಕಟ್ಟಿಕೊಂಡ. ಗಾಡಿ ಚೆನ್ನಾಗಿ ಓಡಿದ ದಿನ ಅದು ನಮ್ಮ ಗಾಡಿ. ಕೈಕೊಟ್ಟ ದಿನ ಖಾನಾಪುರದ ಗಾಡಿ.

ಈಗ ಸೋಸುವ ವಿಷಯಕ್ಕೆ ಬರುತ್ತೇನೆ. ಬಂಕಿನವರ ನೆಲದೊಳಗಿನ ಟಾಕಿಯ ಮೇಲೆ ದೊಡ್ಡಪ್ಪನಿಗೆ ನಂಬಿಕೆ ಇರಲಿಲ್ಲ. ಅದರೊಳಗೆ ಏನೇನು ಜೀವ ಬಿದ್ದು ಸತ್ತಿರುತ್ತವೋ ಅನ್ನುತ್ತಿದ್ದ. ಹಾಗಾಗಿ ಕ್ಯಾನಿನಲ್ಲಿ ಪೆಟ್ರೋಲು ತರಿಸಿ, ಭಾನುವಾರ ಬೆಳಿಗ್ಗೆ ಬಸದಿಗೆ ಹೋಗಿಬಂದು, ಹಿತ್ತಲಲ್ಲಿ ಗಾಡಿಯ ಪಕ್ಕ ನಿಂತು ಲಾಳಿಕೆಗೆ ಎರಡು ಮಡಿಕೆಯ ಬಟ್ಟೆ ಹಾಸಿ ಸುರಿಯುತ್ತಿದ್ದ. ದೇವರಿಗೆ ಅಭಿಷೇಕ ಮಾಡುವಷ್ಟು ನಿಧಾನ. ನೀರು ಸೋಸುವ ಬಟ್ಟೆ ಒಗೆದು ಒಗೆದು ಹತ್ತಿಯಂತೆ ಮೆತ್ತಗಾಗಿರುತ್ತದೆ. ಪೆಟ್ರೋಲಿಗೆ ಅದು ನಡೆಯುವಂತಿರಲಿಲ್ಲ, ಮೈಲಿಗೆ. ಒಮ್ಮೆ ಪೆಟ್ರೋಲು ಕುಡಿದ ಬಟ್ಟೆ ಮತ್ತೆ ಒಳಗೆ ಬರುವಂತೆಯೂ ಇರಲಿಲ್ಲ. ಆದ್ದರಿಂದ ಪ್ರತಿ ಭಾನುವಾರ ಮಗ್ಗದಿಂದ ಆಗಷ್ಟೇ ಇಳಿದ ಹೊಸ ಬಟ್ಟೆಯ ತುಂಡು ಕತ್ತರಿಸಿಕೊಳ್ಳುತ್ತಿದ್ದ. ಮಗ್ಗದ ಹೊಸ ಬಟ್ಟೆಯೆಂದರೆ ಗಂಜಿ ಕುಡಿದ ಬಟ್ಟೆ. ಮುಟ್ಟಿದರೆ ಕೈಗೆ ಬಿಳಿ ಪುಡಿ ಹತ್ತುತ್ತದೆ, ಕತ್ತರಿಸಿದ ಅಂಚಿನಿಂದ ಎಳೆ ಉದುರುತ್ತದೆ. ಹುಟ್ಟಿದಾಗಿನಿಂದ ನೂಲಿನಲ್ಲೇ ಬೆಳೆದ ಮನುಷ್ಯನಿಗೆ ಅದು ಗೊತ್ತಿರಲಿಲ್ಲ ಅಂತ ಹೇಗೆ ನಂಬಲಿ? ಸಾಲದ್ದಕ್ಕೆ, ನಾನೇ ಸೋಸಿ ಹಾಕುವಾಗ ಮತ್ತೆ ಫಿಲ್ಟರ್ ಯಾಕೆ ಬೇಕು ಅಂತ ಗಾಡಿಯ ಫಿಲ್ಟರನ್ನೂ ತೆಗೆಸಿಹಾಕಿದ್ದ. ಅಡುಗೆಮನೆಯ ಕಿಟಕಿಯಿಂದ ಅವ್ವ ಇದನ್ನೆಲ್ಲ ನೋಡುತ್ತಿದ್ದಳು. ಒಂದು ಭಾನುವಾರ ತಡೆಯಲಾರದೆ ದೊಡ್ಡವ್ವನಿಗೆ ಹೇಳಿದಳು.

"ಅಕ್ಕಾ, ಭಾವಾರಿಗೆ ಒಂದ ಮಾತ ಹೇಳ್ರಿ. ಆ ಅರವಿ ಗಂಜೀದೈತಿ. ಪುಡಿ, ಎಳಿ ಎಲ್ಲಾ ಪೆಟ್ರೋಲ್ ಕೂಡ ಒಳಗ ಹೋಗತೈತಿ. ಕಾರ್ಬೋರೇಟರ್ ಕಟ್ಟತೈತ್ರಿ."

ದೊಡ್ಡವ್ವ ಹೇಳುವ ಅಗತ್ಯವೇ ಬೀಳಲಿಲ್ಲ. ಕಿಟಕಿಯಾಚೆ ನಿಂತವನಿಗೆ ಎಲ್ಲ ಕೇಳಿಸಿತ್ತು.

"ಆಕಿಗೆ ಹೇಳು, ಈ ಮನ್ಯಾಗ ನಾವು ಸೋಸಲಾರದ್ದು ಏನೂ ಬಳಸಂಗಿಲ್ಲ. ಖಾನಾಪುರದಾಗ ಹೊಳಿ ನೀರು ಹಂಗs ಕುಡದ ಬೆಳದಾಳ, ಆಕಿಗೇನ ಗೊತ್ತ ಸೋಸೂದು!"

ಮಗ್ಗದವರೂ ಕೇಳಿ ನಕ್ಕರು. ಅವ್ವ ಕಿಟಕಿಯಿಂದ ಸರಿದು ರೊಟ್ಟಿ ಬಡಿಯಲು ಕೂತಳು. ಅವತ್ತಿನ ರೊಟ್ಟಿಗಳು ತೆಳ್ಳಗೆ ಹಾಳೆಯಂತೆ ಆಗಿದ್ದವು.

ಗಾಡಿಯ ಕಾಯಿಲೆ ಏನೆಂದರೆ, ನಿಂತಲ್ಲಿ ಸುಮ್ಮನೆ ಎಂಜಿನ್ ಓಡುವಾಗ ಏನೂ ತಕರಾರಿಲ್ಲ. ಸಪಾಟು ರಸ್ತೆಯಲ್ಲೂ ಓಡುತ್ತಿತ್ತು. ಏರು ಬಂದು ಎಕ್ಸಿಲರೇಟರ್ ಒತ್ತಿದೊಡನೆ ಒಂದು ಕ್ಷಣ ಉಸಿರು ಹಿಡಿದಂತೆ ತಡವರಿಸುತ್ತಿತ್ತು, ಮೂತಿಯಿಂದ ಫಟ್ಟೆಂದು ಸೀನುತ್ತಿತ್ತು, ಮುಗ್ಗರಿಸಿ ಮುಗ್ಗರಿಸಿ ಕೊನೆಗೆ ನಿಂತುಬಿಡುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟರೆ ತಾನೇ ಶುರುವಾಗುತ್ತಿತ್ತು. ದೊಡ್ಡಪ್ಪ ಗ್ಯಾರೇಜಿಗೆ ಒಯ್ದು ಪ್ಲಗ್ ಬದಲಾಯಿಸಿದ, ಕಾಯಿಲ್ ಬದಲಾಯಿಸಿದ, ವಾಯರುಗಳನ್ನೆಲ್ಲ ಬದಲಾಯಿಸಿದ. ಪ್ರತಿ ಸಲವೂ ಗಾಡಿ ಒಂದೆರಡು ದಿನ ನೆಟ್ಟಗಿರುತ್ತಿತ್ತು. ಭಾನುವಾರ ಬರುತ್ತಿತ್ತು, ಅಭಿಷೇಕ ನಡೆಯುತ್ತಿತ್ತು, ಮತ್ತದೇ ಕಥೆ. ಅವ್ವ ಒಮ್ಮೆ ಗಾಡಿಯ ಹಿಂದಿನ ಸೀಟಿನಲ್ಲಿ ಕೂತು ನನ್ನ ಕಿವಿಯಲ್ಲಿ ಹೇಳಿದ್ದಳು, ನೋಡು, ಈಗ ಚೋಕ್ ಎಳೆದರೆ ಸುಧಾರಿಸುತ್ತದೆ ಅಂತ. ಚೋಕ್ ಎಂದರೆ ಪೆಟ್ರೋಲಿನ ಪಾಲು ಹೆಚ್ಚಿಸುವ ಗುಂಡಿ. ಅದನ್ನು ಎಳೆದಾಗ ಸುಧಾರಿಸಿದರೆ ಎಂಜಿನ್ನಿಗೆ ಪೆಟ್ರೋಲು ಸಾಲುತ್ತಿಲ್ಲ, ಸುಧಾರಿಸದಿದ್ದರೆ ಕಿಡಿ ಸಾಲುತ್ತಿಲ್ಲ. ಅಷ್ಟೇ ಲೆಕ್ಕ. ದೊಡ್ಡಪ್ಪ ಚೋಕ್ ಎಳೆಯಲಿಲ್ಲ, ಯಾಕೆಂದರೆ ಚಳಿಗಾಲದ ಬೆಳಗಿನಲ್ಲಿ ಮಾತ್ರ ಅದನ್ನು ಎಳೆಯಬೇಕೆಂದು ಅವನಿಗೆ ಯಾರೋ ಹೇಳಿಕೊಟ್ಟಿದ್ದರು.

ಒಮ್ಮೆ ಎಲ್ಲರೂ ಖಾನಾಪುರದ ಒಂದು ಮುಂಜಿಗೆ ಹೋಗಿ ಬರುವಾಗ ಗಾಡಿ ದಾರಿಯಲ್ಲಿ ಮೂರು ಕಡೆ ನಿಂತಿತು. ಮನೆ ಮುಟ್ಟುವಷ್ಟರಲ್ಲಿ ಹೊತ್ತು ಮುಳುಗಿತ್ತು. ಒಲೆಯ ಮೇಲೆ ಹೆಸರುಬೇಳೆಯ ಸಾರು, ಬುಟ್ಟಿಯಲ್ಲಿ ರೊಟ್ಟಿ ಎಲ್ಲ ಇತ್ತು, ಉಣ್ಣುವಂತಿರಲಿಲ್ಲ. ದೊಡ್ಡಪ್ಪನ ಸಣ್ಣ ಮಗ ಹಸಿವೆಯಿಂದ ಅತ್ತ. ದೊಡ್ಡಪ್ಪ ಪಡಸಾಲೆಯ ನಡುವೆ ನಿಂತು, ಖಾನಾಪುರದ ಗಾಡಿ ನಮ್ಮ ಮಕ್ಕಳನ್ನು ಉಪವಾಸ ಕೆಡವಿತು ಅಂತ ಕೂಗಾಡಿದ. ಗಾಡಿ ಪೂರ್ತಿ ದುರಸ್ತಿಯಾಗುವ ತನಕ ಆ ದಾರಿ ಬಂದ್ ಅಂದ. ಬಸ್ಸಿಗೆ ಹೋಗುತ್ತೇನೆಂದು ಅವ್ವ ದೊಡ್ಡವ್ವನ ಮೂಲಕ ಹೇಳಿಸಿದಳು. ಮನೆಯಲ್ಲಿ ಕಾರು ಇಟ್ಟುಕೊಂಡು ನಮ್ಮ ಸೊಸೆ ಬಸ್ಸಿನಲ್ಲಿ ಜೋತಾಡಿಕೊಂಡು ಹೋಗುವುದೇ, ಊರವರು ಏನೆಂದಾರು ಅಂದ. ಹೀಗೆ, ತಾಯಿಯನ್ನು ನೋಡಲೆಂದು ಬಂದ ಗಾಡಿಯೇ ತಾಯಿಯನ್ನು ನೋಡದಂತೆ ಮಾಡಿತು. ಅವ್ವ ಆಗಿನ್ನೂ ಕೇಳಿದರೆ ಸಿಗುತ್ತದೆ ಎಂದು ನಂಬಿದ್ದಳು. ಸೆರಗು ಸರಿಮಾಡಿಕೊಂಡು ದೊಡ್ಡವ್ವನಿಗೆ ಹೇಳುತ್ತಿದ್ದಳು, ದೊಡ್ಡವ್ವ ಹೇಳುತ್ತಿದ್ದಳು, ಅವನು ತಲೆ ಅಲ್ಲಾಡಿಸುತ್ತಿದ್ದ. ಮಳೆಗಾಲ ಹಾಗೇ ಕಳೆಯಿತು.

ಆಯಿ ಹಾಸಿಗೆ ಹಿಡಿದ ಸುದ್ದಿ ಬಂತು. ಆಮೇಲೆ ಒಂದು ಬೆಳಿಗ್ಗೆ, ಆಯಿ ಮಗಳ ಹೆಸರು ಹಿಡಿದು ಕರೆಯುತ್ತಿದ್ದಾಳೆ, ತಡ ಮಾಡಬೇಡಿ ಅಂತ ಮಾಮಾ ಪಕ್ಕದ ಮನೆಗೆ ಫೋನು ಮಾಡಿ ಹೇಳಿದ. ಇನ್ನು ಬೇಡವೆಂದರೆ ಜನ ಆಡಿಕೊಳ್ಳುತ್ತಾರೆಂದು ದೊಡ್ಡಪ್ಪ ಉಡದಾರದಿಂದ ಕೀಲಿ ಬಿಚ್ಚಿದ. ಅದು ಸೋಮವಾರ. ಹಿಂದಿನ ದಿನವಷ್ಟೇ ಟಾಕಿ ತುಂಬಿತ್ತು. ಮುಂದೆ ದೊಡ್ಡಪ್ಪ, ಅಪ್ಪ. ಹಿಂದೆ ಅವ್ವ, ನಾನು. ಮಚ್ಛೆ ಊರು ದಾಟಿ ಏರು ಹತ್ತುವಾಗ ಗಾಡಿ ಸೀನಿತು, ಮುಗ್ಗರಿಸಿತು, ನಿಂತಿತು. ಅವ್ವ ಇಳಿದಳು. ಇಳಿದವಳು ಸೀದಾ ಮುಂದೆ ಹೋಗಿ ಬಾನೆಟ್ಟಿಗೆ ಕೈ ಹಾಕಿದಳು. ಅವಳು ಹಾಗೆ ನಡೆದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

"ಏ ತಮ್ಮಾ! ಆಕಿಗೆ ಕೈ ತಗಿ ಅನ್ನು. ನಡು ರಸ್ತ್ಯಾಗ ಹೆಣಮಕ್ಕಳು ಬಾನೆಟ್ ಎತ್ತತಾರೇನು? ಹೋಗಿಬರೂ ಮಂದಿ ನೋಡಾಕತ್ತೈತಿ. ಮೆಕ್ಯಾನಿಕ್ ಬರ್ಲಿ."

ಅಪ್ಪ ಇಳಿದುಬಂದ. ಅವ್ವ ಅವನ ಮುಖ ನೋಡಿ ಮೆಲ್ಲಗೆ ಹೇಳಿದಳು.

"ಒಂದ ಬೋಲ್ಟ್ ಬಿಚ್ಚಿ ಜೆಟ್ ಊದಿದ್ರ ಆತ್ರಿ. ಬ್ಯಾರೆ ಏನೂ ಇಲ್ಲ. ನಮ್ಮವ್ವ ಹಾದೀ ಕಾಯಾಕತ್ತಾಳ."

ಅಪ್ಪ ಅಣ್ಣನ ಕಡೆ ನೋಡಿದ. ದೊಡ್ಡಪ್ಪ ಬೇರೆ ಕಡೆ ಮುಖ ಮಾಡಿಕೊಂಡು ನಿಂತಿದ್ದ. ಅಷ್ಟರಲ್ಲಿ ಖಾನಾಪುರದ ಬಸ್ಸು ಬಂತು. ಅವ್ವ ಕೈ ಮಾಡಿದಳು, ಬಸ್ಸು ನಿಧಾನವಾಯಿತು. ದೊಡ್ಡಪ್ಪ ಆ ಕಡೆ ತಿರುಗದೆಯೇ, ಆಕೆಯನ್ನು ಗಾಡಿಯಲ್ಲಿ ಕುಂದರಿಸು ಅಂದ. ನಮ್ಮಪ್ಪ ಅವ್ವನ ಮೊಣಕೈ ಹಿಡಿದು ತಂದು ಹಿಂದಿನ ಸೀಟಿನಲ್ಲಿ ಕೂರಿಸಿ ಬಾಗಿಲು ಹಾಕಿದ. ಬಸ್ಸು ಹೋಯಿತು. ನಾವು ಮೆಕ್ಯಾನಿಕ್ಕಿಗೆ ಹೇಳಿಕಳಿಸಿ ಕಾದೆವು. ಅವನು ಬರುವಷ್ಟರಲ್ಲಿ ಕಸ ತಳಕ್ಕೆ ಕೂತು ಗಾಡಿ ತಾನೇ ಶುರುವಾಗಿತ್ತು. ಖಾನಾಪುರ ಮುಟ್ಟಿದಾಗ ಆಯಿಯನ್ನು ಅಂಗಳಕ್ಕೆ ತಂದಿದ್ದರು. ಮಾಮಾ ಅಳುತ್ತ ಹೇಳಿದ, ಕಡೆಯವರೆಗೂ ಎಚ್ಚರವಿತ್ತಂತೆ. 'ಗಾಡಿ ಆಲಿ ಕಾ', ಗಾಡಿ ಬಂತೇನು ಅಂತ ಮರಾಠಿಯಲ್ಲಿ ಕೇಳುತ್ತಲೇ ಇದ್ದಳಂತೆ. ಅವ್ವ ಅಳಲಿಲ್ಲ. ಸಂಜೆ ಮರಳುವಾಗ ದೊಡ್ಡಪ್ಪ ಒಂದು ಮಾತಾಡಿದ. ಖಾನಾಪುರದ ಗಾಡಿ ಖಾನಾಪುರದವರನ್ನೇ ಮುಟ್ಟಿಸಲಿಲ್ಲ ನೋಡು ತಮ್ಮಾ, ಅಂದ. ಅಪ್ಪ ಹೂಂ ಅಂದ. ಆ ಹೂಂ ಅಂದದ್ದಕ್ಕೆ ನಾನು ಅಪ್ಪನ ಜೊತೆ ಎಷ್ಟೋ ಕಾಲ ನೆಟ್ಟಗೆ ಮಾತಾಡಲಿಲ್ಲ.

ಅವ್ವ ಬದಲಾದದ್ದು ಆಮೇಲೆ. ಹೊರಗಿನವರಿಗೆ ಏನೂ ಕಾಣಿಸುತ್ತಿರಲಿಲ್ಲ. ಅದೇ ಸೆರಗು, ಅದೇ ತಗ್ಗಿದ ತಲೆ. ಆದರೆ ಮಧ್ಯಾಹ್ನ ಗಂಡಸರು ಅಂಗಡಿಗೆ ಹೋಗಿ, ದೊಡ್ಡವ್ವ ಮಲಗಿದ ಮೇಲೆ ನನ್ನನ್ನು ಹಿತ್ತಲಿಗೆ ಕರೆದೊಯ್ಯುತ್ತಿದ್ದಳು. ಆ ಗಾಡಿಯ ಬಾನೆಟ್ ಎತ್ತಲು ಕೀಲಿ ಬೇಕಿರಲಿಲ್ಲ. ಮಗ್ಗದ ಸಪ್ಪಳದಲ್ಲಿ ನಮ್ಮ ಸಪ್ಪಳ ಯಾರಿಗೂ ಕೇಳಿಸುತ್ತಿರಲಿಲ್ಲ. ಯಾವ ಬೋಲ್ಟು ಯಾವ ಪಾನಾಕ್ಕೆ, ಪ್ಲಗ್ಗಿನ ಬಾಯಿ ಕಪ್ಪಗಿದ್ದರೆ ಏನರ್ಥ, ಬಿಳಿಚಿಕೊಂಡಿದ್ದರೆ ಏನರ್ಥ, ಎಲ್ಲ ಹೇಳಿಕೊಟ್ಟಳು. ಜೆಟ್ಟನ್ನು ಬಿಚ್ಚಿ ನನ್ನ ಅಂಗೈ ಮೇಲಿಟ್ಟಳು. ಹಿತ್ತಾಳೆಯ ಸಣ್ಣ ತುಂಡು, ನಡುವೆ ಪೆಟ್ರೋಲು ಹಾಯಲು ಸಾಸಿವೆ ಕಾಳೂ ತೂರದಂಥ ತೂತು. ಅದರ ಬಾಯಲ್ಲಿ ಗಂಜಿ ಮೆತ್ತಿದ ಬಿಳಿ ಎಳೆ ಕೂತಿತ್ತು. ಅದನ್ನು ಅವ್ವ ಬಹಳ ಹೊತ್ತು ನೋಡಿದಳು. ಅಂಗಡಿಗೆ ರಜೆಯಿದ್ದು ಗಂಡಸರು ಪರ ಊರಿಗೆ ಹೋದ ಒಂದು ದಿನ, ಕೀಲಿಯಿಲ್ಲದೆ ಎರಡು ವಾಯರ್ ಕೂಡಿಸಿ ಎಂಜಿನ್ ಶುರು ಮಾಡಿ ಇನ್ನೊಂದು ಪಾಠ ಹೇಳಿದಳು.

"ಎಂಜಿನ್ ಕುಂಟಿ ಮಿಸ್ಸಿಂಗ್ ಹೊಡ್ಯಾಕತ್ತರ ಹಿಂಗ ಮಾಡಬೇಕ ನಂದಾ. ಒಂದೊಂದs ಪ್ಲಗ್ಗಿನ ವಾಯರ್ ತಗದ ನೋಡು. ತಗದ ಕೂಡ್ಲೆ ಸಪ್ಪಳ ಕುಸೀತಂದ್ರ ಅದು ದುಡ್ಯಾಕತ್ತೈತಿ, ತಿರಗಿ ಹಾಕು. ತಗದರೂ ಸಪ್ಪಳ ಬದಲಾಗಲಿಲ್ಲಂದ್ರ ಅದು ಮೊದಲs ಸತ್ತೈತಿ. ಸುಮ್ನ ಜಾಗಾ ಹಿಡಕೊಂಡ ಕುಂತೈತಿ."

ಆ ದಿನದಿಂದ ಗಾಡಿ ಓಡಬೇಕೋ ಬೇಡವೋ ಎಂಬುದು ಅವ್ವನ ಕೈಗೆ ಬಂತು. ದೊಡ್ಡವ್ವ ಆಸ್ಪತ್ರೆಗೆ ಹೋಗುವುದಿದ್ದರೆ, ಮಕ್ಕಳು ಕಾಕತಿಗೆ ಯಾರದೋ ಮನೆಗೆ ಹೋಗುವುದಿದ್ದರೆ ಹಿಂದಿನ ಮಧ್ಯಾಹ್ನ ನಾವಿಬ್ಬರೂ ಜೆಟ್ ಊದಿ, ಕಾರ್ಬೋರೇಟರಿನ ಬಟ್ಟಲಿನ ಕಸ ಚೆಲ್ಲಿ ಸ್ವಚ್ಛ ಮಾಡಿಡುತ್ತಿದ್ದೆವು. ಗಾಡಿ ಕುದುರೆಯಂತೆ ಓಡುತ್ತಿತ್ತು. ದೊಡ್ಡಪ್ಪ ತನ್ನ ದೊಡ್ಡಸ್ತಿಕೆಗೆ ಹೊರಟ ದಿನ ಮುಟ್ಟುತ್ತಿರಲಿಲ್ಲ. ನಾವು ಏನೂ ಕೆಡಿಸಲಿಲ್ಲ, ಅದನ್ನು ಸ್ಪಷ್ಟವಾಗಿ ಹೇಳುತ್ತೇನೆ. ಅವನು ಹಾಕಿದ್ದನ್ನು ಅವನಿಗೇ ಬಿಟ್ಟೆವು, ಅಷ್ಟೇ. ವ್ಯಾಪಾರಿಗಳ ಸಭೆಗೆ ಹೊರಟವನು ದಾರಿಯಲ್ಲಿ ಬೆವರು ಒರೆಸಿಕೊಳ್ಳುತ್ತ ನಿಂತ. ಬೀಗರ ಮನೆಗೆ ಹೊರಟವನು ಎತ್ತಿನ ಗಾಡಿಯ ಹಿಂದೆ ಹಗ್ಗ ಕಟ್ಟಿಸಿಕೊಂಡು ಬಂದ. ಗಾಡಿಗೆ ಯಾರದೋ ಕಣ್ಣು ತಗುಲಿದೆ ಅಂತ ಮುಂದಿನ ಗಾಜಿಗೆ ಮಂತ್ರಿಸಿದ ಯಂತ್ರ ಅಂಟಿಸಿದ. ಅಡುಗೆಮನೆಯಲ್ಲಿ ಅವ್ವ ಗಾಡಿ ಹೊರಡುವ ಸಪ್ಪಳಕ್ಕೆ ಕಿವಿ ಕೊಟ್ಟು, ಮಚ್ಛೆಯವರೆಗೂ ಹೋಗುವುದಿಲ್ಲ ಅನ್ನುತ್ತಿದ್ದಳು. ಹೋಗುತ್ತಿರಲಿಲ್ಲ. ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು. ಇದಕ್ಕೆ ಪಶ್ಚಾತ್ತಾಪವಿದೆಯೇ ಎಂದು ನನ್ನ ಮಗಳು ಒಮ್ಮೆ ಕೇಳಿದಳು. ಇಲ್ಲ.

ಮರುವರ್ಷದ ಕ್ಷಮಾವಾಣಿಯ ದಿನ. ದೊಡ್ಡಪ್ಪ ಅದಕ್ಕೆ ಮುಂಚಿನ ಪರ್ವದ ಕೊನೆಯ ದಿನ ನೀರೂ ಮುಟ್ಟದೆ ಉಪವಾಸ ಮಾಡಿದ್ದ. ಅವತ್ತು ಬೆಳಿಗ್ಗೆ ಮನೆಯಲ್ಲೇ ಪಾರಣೆ ಮಾಡಿ, ಉಪವಾಸ ಬಿಟ್ಟು ಉಣ್ಣಬಹುದಿತ್ತು. ಆದರೆ ಖಾನಾಪುರದಲ್ಲಿ ಸಮಾಜದವರು ಉಪವಾಸ ಮಾಡಿದ ಹಿರಿಯರಿಗೆ ಶಾಲು ಹೊದಿಸಿ, ಎಲ್ಲರೆದುರು ಪಾರಣೆ ಮಾಡಿಸುವುದೆಂದು ಗೊತ್ತು ಮಾಡಿದ್ದರು. ಕಾರ್ಯಕ್ರಮ ಮಧ್ಯಾಹ್ನದ ಮೇಲೆ. ದೊಡ್ಡಪ್ಪ ಶಾಲಿಗಾಗಿ ಹಸಿದುಕೊಂಡೇ ಉಳಿದ. ರೇಷ್ಮೆ ಅಂಚಿನ ಧೋತರ ಉಟ್ಟು, ಮನೆಯವರನ್ನೆಲ್ಲ ತುಂಬಿಕೊಂಡು ಹೊರಟ. ಹೊರಡುವ ಮುನ್ನ, ಜೆಟ್ ಊದಿಡೋಣವೇ ಎಂಬಂತೆ ನಾನು ಅವ್ವನ ಮುಖ ನೋಡಿದೆ. ಅವಳು ಇಲ್ಲವೆಂದು ಸಣ್ಣಗೆ ತಲೆ ಆಡಿಸಿದಳು. ಆದರೂ ಪಾನಾ ಮತ್ತು ಸ್ಕ್ರೂಡ್ರೈವರನ್ನು ನನ್ನ ಲಂಗದ ಕಿಸೆಯಲ್ಲಿ ಇಡಿಸಿದಳು. ಗಾಡಿ ಎಲ್ಲಿ ನಿಂತಿತೆಂದು ಹೇಳಬೇಕಾಗಿಲ್ಲ. ಅದೇ ಮಚ್ಛೆಯ ಆಚೆ, ಅದೇ ಏರು. ಈ ಸಲ ದೊಡ್ಡಪ್ಪ ಬಾನೆಟ್ ಎತ್ತಿ, ಒಳಗೆ ನೋಡಿ, ಮತ್ತೆ ಮುಚ್ಚಿದ. ಹೊಲದಿಂದ ಬರುತ್ತಿದ್ದವರು ಸುತ್ತ ನೆರೆದರು. ಮೆಕ್ಯಾನಿಕ್ಕಿಗೆ ಹೇಳಿಕಳಿಸಿದರೆ ಅವನು ಊರಲ್ಲಿರಲಿಲ್ಲ. ಜೆಟ್ಟು ಪೂರ್ತಿ ಕಟ್ಟಿದ್ದರಿಂದ ಈ ಸಲ ಎಷ್ಟು ಹೊತ್ತು ಬಿಟ್ಟರೂ ಗಾಡಿ ತಾನಾಗಿ ಶುರುವಾಗಲಿಲ್ಲ. ಬಿಸಿಲು ಹಳದಿಗೆ ತಿರುಗಿತು. ದೊಡ್ಡಪ್ಪ ಸೂರ್ಯನನ್ನೊಮ್ಮೆ, ರಸ್ತೆಯನ್ನೊಮ್ಮೆ ನೋಡುತ್ತ ಕಲ್ಲಿನ ಮೇಲೆ ಕೂತ. ತುಟಿ ಒಣಗಿತ್ತು. ಬಸ್ಸು ಬಂತು. ದೊಡ್ಡವ್ವ, ಬಸ್ಸಿಗಾದರೂ ಹೋಗೋಣ ಅಂದಳು. ಅವನಿಗೆ ತಾನೇ ಹಿಂದೆ ಆಡಿದ ಮಾತು ನೆನಪಾಯಿತೋ ಏನೋ, ಏಳಲಿಲ್ಲ. ಕೊನೆಗೆ ದೊಡ್ಡವ್ವನಿಗೆ ಅಂದ.

"ಆಕಿ ತನಗ ಏನೋ ಗೊತ್ತೈತಿ ಅಂತಿದ್ದಳಲ್ಲ. ನೋಡಂತ ಹೇಳು."

ಅವ್ವ ದೊಡ್ಡವ್ವನ ಬಾಯಿಂದ ಅದು ಬರುವವರೆಗೂ ಕಾಯಲಿಲ್ಲ. ಸೆರಗು ತಲೆಯ ಮೇಲೆಯೇ ಇತ್ತು. ಆ ಮನೆಗೆ ಬಂದ ಮೇಲೆ ಮೊದಲ ಸಲ ಅವನ ಮುಖಕ್ಕೇ ಮಾತಾಡಿದಳು.

"ನಡು ರಸ್ತ್ಯಾಗ ಹೆಣಮಕ್ಕಳು ಬಾನೆಟ್ ಎತ್ತಬಾರದ್ರಿ ಭಾವಾರ. ಹೋಗಿಬರೂ ಮಂದಿ ನೋಡಾಕತ್ತೈತಿ. ಮೆಕ್ಯಾನಿಕ್ ಬರ್ಲಿ."

ಅಪ್ಪ ನೆಲ ನೋಡುತ್ತ ನಿಂತ. ಅವ್ವ ಗಾಡಿಯ ಹಿಂದಿನ ಸೀಟಿನಲ್ಲಿ ಹೋಗಿ ಕೂತಳು, ಬಾಗಿಲನ್ನು ತಾನೇ ಹಾಕಿಕೊಂಡಳು. ನಾವು ಹೊತ್ತು ಮುಳುಗುವುದನ್ನು ನೋಡುತ್ತ ಕೂತೆವು. ಅಷ್ಟು ನಿಧಾನವಾಗಿ ಮುಳುಗಿದ ಸೂರ್ಯನನ್ನು ನಾನು ಮತ್ತೆ ನೋಡಿಲ್ಲ. ಅದು ಪೂರ್ತಿ ಇಳಿದು, ಇನ್ನು ಖಾನಾಪುರದಲ್ಲಿ ಎಂಥ ಹೋಳಿಗೆ ಕಾದಿದ್ದರೂ ಅವನು ಮುಟ್ಟುವಂತಿಲ್ಲ ಅಂತ ಖಚಿತವಾದ ಮೇಲೆ ಅವ್ವ ಇಳಿದಳು. ನಂದಾ, ಪಾನಾ ತಾ ಅಂದಳು. ಎಲ್ಲರೆದುರು ಬಾನೆಟ್ ಎತ್ತಿದಳು, ಬೋಲ್ಟ್ ಬಿಚ್ಚಿದಳು, ಜೆಟ್ ತೆಗೆದು ತುಟಿಗಿಟ್ಟು ಊದಿದಳು. ರೊಟ್ಟಿ ಬೇಯುವಷ್ಟು ಹೊತ್ತೂ ಹಿಡಿಯಲಿಲ್ಲ. ಬಟ್ಟಲಿನ ತಳದಲ್ಲಿ ಕೂತಿದ್ದ ಬಿಳಿ ಗಸಿ ಮತ್ತು ಎಳೆಗಳನ್ನು ಬೆರಳ ತುದಿಯಲ್ಲಿ ಬಳಿದುಕೊಂಡು ದೊಡ್ಡಪ್ಪನ ಮುಂದೆ ಹಿಡಿದಳು. ನೂಲಿನ ವ್ಯಾಪಾರಿಗೆ ಅದೇನೆಂದು ಹೇಳಬೇಕಾಗಿರಲಿಲ್ಲ.

"ಇದು ಖಾನಾಪುರದ್ದಲ್ರಿ, ಶಹಾಪುರದ್ದು. ನಮ್ಮವ್ವನ ಹಾದ್ಯಾಗ ಅಡ್ಡ ಕುಂತದ್ದೂ ಇದs."

ದೊಡ್ಡಪ್ಪ ಆ ಬೆರಳನ್ನು ನೋಡಿದ. ದೊಡ್ಡವ್ವ ಅವ್ವನ ಸೆರಗು ಜಗ್ಗಿ, ಇವತ್ತು ಕ್ಷಮಾವಾಣಿ ಅಲ್ಲವೇನವಾ, ಒಂದು ಮಾತು ಕ್ಷಮಾ ಅಂದುಬಿಡು ಎಂದು ಪಿಸುಗುಟ್ಟಿದಳು. ಮೊದಲು ಅವರು ಕೇಳಲಿ ಅಕ್ಕಾ ಅಂದಳು ಅವ್ವ. ಅವನು ಕೇಳಲಿಲ್ಲ, ಅವಳು ಕೊಡಲಿಲ್ಲ. ಗಾಡಿ ತಿರುಗಿಸಿಕೊಂಡು ಶಹಾಪುರಕ್ಕೆ ಬಂದೆವು, ದಾರಿಯುದ್ದಕ್ಕೂ ಎಂಜಿನ್ ಒಂದು ಸಲವೂ ತಡವರಿಸಲಿಲ್ಲ. ಶಾಲು ಬೇರೆ ಯಾರಿಗೋ ಹೋಯಿತಂತೆ. ಕಥೆಯಾಗಿದ್ದರೆ ದೊಡ್ಡಪ್ಪ ಅಂದಿನಿಂದ ತಿದ್ದಿಕೊಂಡ ಅಂತ ಬರೆಯಬಹುದಿತ್ತು. ಮುಂದಿನ ಭಾನುವಾರ ಬಸದಿಯಿಂದ ಬಂದವನೇ ಮಗ್ಗದ ಹೊಸ ಬಟ್ಟೆ ಕತ್ತರಿಸಿಕೊಂಡು ಪೆಟ್ರೋಲು ಸೋಸಿದ! ಒಂದು ಮಾತ್ರ ಬದಲಾಯಿತು. ಗಾಡಿ ನಿಂತಾಗ ಅವ್ವ ಯಾರ ಅಪ್ಪಣೆಯನ್ನೂ ಕೇಳದೆ ಇಳಿದು ಬಾನೆಟ್ ಎತ್ತುತ್ತಿದ್ದಳು, ಅವನು ಸರಿದು ನಿಲ್ಲುತ್ತಿದ್ದ. ಬಸ್ಸಿಗೆ ಹೋಗಬೇಕೆನಿಸಿದ ದಿನ ಚೀಲ ಹಿಡಿದು ಬಸ್ಸಿಗೆ ಹೋಗುತ್ತಿದ್ದಳು. ಹೋಗಿ ನೋಡಬೇಕಾದವಳು ಇರಲಿಲ್ಲ, ಆದರೂ ಹೋಗುತ್ತಿದ್ದಳು.

ದೊಡ್ಡಪ್ಪ ಬಹಳ ವರ್ಷ ಬದುಕಿದ. ಈ ವರ್ಷ ಹೋದ. ಅಪ್ಪ, ದೊಡ್ಡವ್ವ ಇಬ್ಬರೂ ಅವನಿಗಿಂತ ಎಷ್ಟೋ ಮೊದಲೇ ಹೋಗಿದ್ದರು. ಅವ್ವ ಈಗಲೂ ಶಹಾಪುರದ ಮನೆಯಲ್ಲೇ ಇದ್ದಾಳೆ, ದೊಡ್ಡಪ್ಪನ ಸಣ್ಣ ಮಗನ ಸಂಸಾರದ ಜೊತೆ. ಹಸಿವೆಯಿಂದ ಅತ್ತಿದ್ದನಲ್ಲ, ಅವನೇ. ಅವ್ವನನ್ನು ಚೆನ್ನಾಗಿ ನೋಡಿಕೊಳ್ಳುತ್ತಾನೆ. ಅವ್ವನ ಕಣ್ಣು ಹೋಗಿವೆ, ಕಿವಿ ಹೋಗಿಲ್ಲ. ಬೂದು ಗಾಡಿ ಹಿತ್ತಲಿನ ತಗಡಿನ ಕೆಳಗೆ ಇನ್ನೂ ನಿಂತಿದೆ. ಅದಕ್ಕೆ ನಾನು ಫಿಲ್ಟರ್ ಹಾಕಿಸಿದ್ದೇನೆ, ಬಂಕಿನಲ್ಲೇ ತುಂಬಿಸುತ್ತೇನೆ, ಸೋಸುವುದಿಲ್ಲ. ಸೂತಕ ಕಳೆದ ಮರುದಿನ ನಾನು ಹೋಗಿ ಗಾಡಿ ಶುರು ಮಾಡಿದೆ. ಎಂಜಿನ್ ಒಂದೇ ಸಮನೆ ಕುಂಟುತ್ತಿತ್ತು. ಅವ್ವ ಅಡುಗೆಮನೆಯ ಕಿಟಕಿಯ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು.

"ಮಿಸ್ಸಿಂಗ್ ಐತಿ ನಂದಾ. ಒಂದೊಂದs ವಾಯರ್ ತಗಿ."

ಮೊದಲನೆಯದು ತೆಗೆದೆ, ಸಪ್ಪಳ ಕುಸಿಯಿತು. ತಿರುಗಿ ಹಾಕಿದೆ. ಎರಡನೆಯದಕ್ಕೂ ಕುಸಿಯಿತು. ಮೂರನೆಯದು ತೆಗೆದೆ. ಏನೂ ಆಗಲಿಲ್ಲ. ಎಂಜಿನ್ ಇದ್ದ ಹಾಗೇ ಕುಂಟುತ್ತ ಓಡುತ್ತಿತ್ತು.

"ಅದs," ಅಂದಳು ಅವ್ವ. "ಬಂದ್ ಮಾಡು."

ಎಂಜಿನ್ ಆರಿಸಿದೆ. ಮುಂದಿನ ಪಡಸಾಲೆಯಲ್ಲಿ ಮಗ್ಗಗಳು ಖಟಖಟ ಅನ್ನುತ್ತಿದ್ದವು, ಈಗ ಕರೆಂಟಿನವು. ಒಳಗೆ ಕುಕ್ಕರ್ ಕೂಗಿತು. ದೊಡ್ಡಪ್ಪನ ಸಣ್ಣ ಮಗನ ಹೆಂಡತಿ ಯಾರಿಗೂ ಕಾಯದೆ ತಾಟು ಹಾಕಿಕೊಂಡು ಉಣ್ಣುತ್ತ, ಫೋನಿನಲ್ಲಿ ಯಾರ ಜೊತೆಗೋ ನಗುತ್ತಿದ್ದಳು. ಅವ್ವ ತಲೆ ಸ್ವಲ್ಪ ವಾಲಿಸಿ ಆ ಎಲ್ಲ ಸಪ್ಪಳವನ್ನೂ ಕೇಳಿದಳು, ಹಿಂದೆ ಎಂಜಿನ್ನಿಗೆ ಕಿವಿ ಕೊಡುತ್ತಿದ್ದ ಹಾಗೆಯೇ.

"ನಿಮ್ಮ ದೊಡ್ಡಪ್ಪ ಹೋಗಿ ಇಷ್ಟ ದಿನಾ ಆತು. ನಾ ದಿನಾ ಇಲ್ಲೆ ಕುಂತ ಕೇಳಾಕತ್ತೀನಿ. ಮನೀ ಸಪ್ಪಳದಾಗ ಏನರ ಫರಕ್ ಬಿದ್ದೈತೇನು?"

ನಾನೂ ಕಿವಿಗೊಟ್ಟು ಕೇಳಿದೆ.

"ಇಲ್ಲವ್ವಾ."

ಅವ್ವ ನಕ್ಕಳು. ಎಷ್ಟು ವರ್ಷಗಳ ಮೇಲೆ ಹಾಗೆ ಹಲ್ಲು ಕಾಣುವಂತೆ ನಕ್ಕಳೋ!

"ಹೊಸಾ ಪ್ಲಗ್ ಹಾಕು. ಖಾನಾಪುರಕ್ಕ ಹೋಗೂಣು."